ಆಳು ಒಂದೇ, ದುಡಿಮೆಯ ಫಲ ಬೇರೆ ಏಕೆ?



"ಈಗಿನ ಆಳುಗಳು ಮೊದಲಿನಂತೆ ಕೆಲಸ ಮಾಡುವುದಿಲ್ಲ" ಎಂಬ ಮಾತು ಕ್ಷೇತ್ರೋತ್ಸವಗಳಲ್ಲಿ, ತರಬೇತಿ ಶಿಬಿರಗಳಲ್ಲಿ, ಊರ ಕಟ್ಟೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಕೂಲಿಯ ದರ ಏರುತ್ತಿದೆ, ಅದಕ್ಕೆ ತಕ್ಕಂತೆ ಹೊಲದ ಆದಾಯ ಏರುತ್ತಿಲ್ಲ ಎಂಬುದು ಎಲ್ಲರ ಚಿಂತೆ. ಈ ಚಿಂತೆಯಲ್ಲಿ ಕೆಲವರು ಭೂಮಿಯನ್ನು ಬೀಳು ಬಿಡುತ್ತಾರೆ. ಇನ್ನು ಕೆಲವರು ಬೇರೆ ಜಿಲ್ಲೆಯಲ್ಲಿ ಕಂಡ ಯಂತ್ರವನ್ನು ಸಾಲ ಮಾಡಿ ತರುತ್ತಾರೆ. ಅದು ತಮ್ಮ ನೆಲಕ್ಕೆ ಹೊಂದದೆ ಮನೆಯ ಹಿಂದೆ ತುಕ್ಕು ಹಿಡಿಯುತ್ತದೆ, ಸಾಲ ಮಾತ್ರ ಬೆಳೆಯುತ್ತದೆ. ಆದುದರಿಂದ ಹಣ ಹಾಕುವುದಕ್ಕೂ ಆಳನ್ನು ದೂರುವುದಕ್ಕೂ ಮೊದಲು, ಒಬ್ಬ ಆಳಿನ ಒಂದು ದಿನದ ದುಡಿಮೆಯಿಂದ ಎಷ್ಟು ಫಲ ಬರುತ್ತದೆ, ಅದು ಪ್ರದೇಶದಿಂದ ಪ್ರದೇಶಕ್ಕೆ ಏಕೆ ಬದಲಾಗುತ್ತದೆ ಎಂಬುದನ್ನು ತಿಳಿಯುವುದು ಲೇಸು.

ತೋಳು ಬದಲಾಗಲಿಲ್ಲ, ನೆಲ ಬದಲಾಯಿತು

ನಮ್ಮ ದೇಶದಲ್ಲಿ 2023-24ರ ಸಮೀಕ್ಷೆಯಂತೆ ದುಡಿಯುವ ನೂರು ಮಂದಿಯಲ್ಲಿ ಸುಮಾರು 46 ಮಂದಿ ಕೃಷಿಯಲ್ಲಿದ್ದಾರೆ. ಆದರೆ ದೇಶದ ಒಟ್ಟು ಉತ್ಪನ್ನದಲ್ಲಿ ಕೃಷಿಯ ಪಾಲು ಐದನೇ ಒಂದು ಭಾಗಕ್ಕೂ ಕಡಿಮೆ. ಅಂದರೆ ಕೃಷಿಯಲ್ಲಿ ತಲಾ ದುಡಿಮೆಯ ಫಲ ಇತರ ಉದ್ಯೋಗಗಳಿಗಿಂತ ಬಹಳ ಕಡಿಮೆ. ಇದು ಸರಾಸರಿಯ ಮಾತು. ಸರಾಸರಿಯ ಹಿಂದೆ ಪ್ರದೇಶಗಳ ನಡುವಣ ದೊಡ್ಡ ಅಂತರ ಅಡಗಿರುತ್ತದೆ.

ಬಿಹಾರದ ಕೂಲಿಕಾರರು ಹಲವಾರು ದಶಕಗಳಿಂದ ಭತ್ತದ ನಾಟಿಗೆಂದು ಪಂಜಾಬಿಗೆ ಹೋಗುತ್ತಾರೆ. ಅದೇ ಕೈ, ಅದೇ ಬೆನ್ನು, ಅದೇ ನಾಟಿಯ ಕೆಲಸ. ಪಂಜಾಬಿನ ಸಾಗುವಳಿ ಭೂಮಿಗೆ ಬಹುಪಾಲು ನೀರಾವರಿ ಇದೆ. ಅಲ್ಲಿ ನೆಟ್ಟ ಸಸಿಗೆ ನೀರು, ಗೊಬ್ಬರ ಖಚಿತ, ಬೆಳೆದ ಭತ್ತಕ್ಕೆ ಮಾರುಕಟ್ಟೆಯೂ ಖಚಿತ. ಆದುದರಿಂದ ಆ ಆಳಿನ ಒಂದು ದಿನದ ನಾಟಿಯಿಂದ ಹೆಚ್ಚು ಧಾನ್ಯ ಬರುತ್ತದೆ, ಹೆಚ್ಚು ಕೂಲಿ ಕೊಡುವುದೂ ಸಾಧ್ಯವಾಗುತ್ತದೆ. ರೈಲು ಪ್ರಯಾಣದಿಂದ ಯಾರ ತೋಳಿನ ಬಲವೂ ಹೆಚ್ಚುವುದಿಲ್ಲ. ನಮ್ಮಲ್ಲಿಯೂ ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗುವವರು ಊರಿನಲ್ಲಿ ಸೋಮಾರಿಗಳಾಗಿದ್ದು ಪಟ್ಟಣದಲ್ಲಿ ಶ್ರಮಜೀವಿಗಳಾಗುವುದಿಲ್ಲ. ಅವರ ದುಡಿಮೆಗೆ ಊರಿನಲ್ಲಿ ಸಿಗುವ ಫಲ ಕಡಿಮೆ, ದುಡಿಯಲು ಸಿಗುವ ದಿನಗಳೂ ಕಡಿಮೆ.

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ನಿಜ. ಆದರೆ ಅಷ್ಟೇ ಕೆಸರಿಗೆ ಒಂದು ಕಡೆ ಗಡಿಗೆ ತುಂಬ ಮೊಸರು, ಇನ್ನೊಂದು ಕಡೆ ಬೊಗಸೆಯಷ್ಟು ಮೊಸರು ಸಿಗುವುದೇಕೆ ಎಂಬುದು ಇಲ್ಲಿಯ ಪ್ರಶ್ನೆ.

ಲೆಕ್ಕ ಹಾಕುವ ಬಗೆ

ಒಂದು ಬೆಳೆಗೆ ಉಳುಮೆಯಿಂದ ಒಕ್ಕಣೆಯವರೆಗೆ ಎಷ್ಟು ಆಳು ಹಿಡಿದವು ಎಂಬುದನ್ನು ಎಣಿಸಿ, ಬಂದ ಇಳುವರಿಯನ್ನು ಅದರಿಂದ ಭಾಗಿಸಿದರೆ ಆಳೊಂದಕ್ಕೆ ಎಷ್ಟು ಕಿಲೋ ಎಂಬುದು ಸಿಗುತ್ತದೆ. ಇದೇ ಶ್ರಮದ ಉತ್ಪಾದಕತೆ. ಮನೆಯವರ ದುಡಿಮೆಯನ್ನೂ ಇದರಲ್ಲಿ ಸೇರಿಸಬೇಕು. ಹೆಂಗಸರು ಅರ್ಧ ದಿನ ಕಳೆ ತೆಗೆದಿದ್ದರೆ ಅದು ಅರ್ಧ ಆಳು.

ಒಂದು ಉದಾಹರಣೆಯನ್ನು ನೋಡೋಣ. ಒಂದು ಎಕರೆ ರಾಗಿಗೆ ಉಳುಮೆ, ಬಿತ್ತನೆ, ಕಳೆ ಇವುಗಳಿಗೆ 20 ಆಳು ಹಿಡಿಯುತ್ತವೆ ಎಂದಿಟ್ಟುಕೊಳ್ಳಿ. ಕೊಯ್ಲು ಮತ್ತು ಒಕ್ಕಣೆಗೆ ಪ್ರತಿ ಕ್ವಿಂಟಾಲಿಗೆ ಒಂದೂವರೆ ಆಳು ಎಂದಿರಲಿ. ಬೆಳೆ 4 ಕ್ವಿಂಟಾಲ್ ಬಂದರೆ ಒಟ್ಟು 26 ಆಳು. ಆಳೊಂದಕ್ಕೆ ಸುಮಾರು 15 ಕಿಲೋ. ಅದೇ ಹೊಲದಲ್ಲಿ 10 ಕ್ವಿಂಟಾಲ್ ಬಂದರೆ ಒಟ್ಟು 35 ಆಳು. ಆಳೊಂದಕ್ಕೆ ಸುಮಾರು 28 ಕಿಲೋ. ಆಳುಗಳು ಮೊದಲಿಗಿಂತ ವೇಗವಾಗಿ ಕೆಲಸ ಮಾಡಲಿಲ್ಲ. ಉಳುವ, ಬಿತ್ತುವ, ಕಳೆ ತೆಗೆಯುವ ಶ್ರಮ ಬೆಳೆ ಬಂದರೂ ಒಂದೇ, ಒಣಗಿದರೂ ಒಂದೇ. ಆದುದರಿಂದ ಎಕರೆಯ ಇಳುವರಿಯನ್ನು ಹೆಚ್ಚಿಸುವ ಯಾವುದೇ ಕ್ರಮವೂ ಆಳಿನ ದುಡಿಮೆಯ ಬೆಲೆಯನ್ನೂ ಹೆಚ್ಚಿಸುತ್ತದೆ. ಒಳ್ಳೆಯ ಬೀಜ, ಸಕಾಲದ ಬಿತ್ತನೆ, ಮಣ್ಣು ಪರೀಕ್ಷೆಯಂತೆ ಗೊಬ್ಬರ ಇವು ಆಳಿನ ಲೆಕ್ಕದಲ್ಲಿಯೂ ಲಾಭವೇ.

ದಿನದ ಫಲದ ಜೊತೆಗೆ ವರ್ಷದ ಫಲವನ್ನೂ ನೋಡಬೇಕು. ಮಳೆಯಾಶ್ರಿತ ಊರಿನಲ್ಲಿ ವರ್ಷದ ಕೆಲವೇ ತಿಂಗಳು ಹೊಲದ ಕೆಲಸವಿರುತ್ತದೆ. 1932ರಲ್ಲಿ ಕೃಷ್ಣರಾಜಸಾಗರ ಅಣೆಕಟ್ಟು ಪೂರ್ಣಗೊಂಡ ಮೇಲೆ ಮಂಡ್ಯ ಭಾಗದಲ್ಲಿ, 1953ರ ನಂತರ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಆದ ದೊಡ್ಡ ಬದಲಾವಣೆ ಎಕರೆಯ ಇಳುವರಿಯದು ಮಾತ್ರವಲ್ಲ. ದುಡಿಯುವ ಕೈಗಳಿಗೆ ಕೆಲಸ ಸಿಗುವ ದಿನಗಳೂ ಹೆಚ್ಚಿದವು.

ಇನ್ನು ಪ್ರದೇಶದ ಯಾವ ಯಾವ ಅಂಶಗಳು ದುಡಿಮೆಯ ಫಲವನ್ನು ನಿರ್ಧರಿಸುತ್ತವೆ ಎಂಬುದನ್ನು ಒಂದೊಂದಾಗಿ ನೋಡೋಣ.

1. ಮಣ್ಣು ಮತ್ತು ಅದರ ಹದ

ಕೆಂಪು ಮಣ್ಣಿನಲ್ಲಿ ಮಳೆ ಬಿದ್ದ ಒಂದೆರಡು ದಿನಗಳಲ್ಲಿ ಕೆಲಸಕ್ಕಿಳಿಯಬಹುದು. ಆದರೆ ತೇವ ಬೇಗ ಆರುತ್ತದೆ, ಮೇಲ್ಪದರ ಬಿರುಸಾಗುತ್ತದೆ. ಎರೆ ಭೂಮಿಯ ಗುಣ ಬೇರೆ. ಒದ್ದೆಯಾದಾಗ ಎತ್ತಿನ ಕಾಲಿಗೂ ಕುಂಟೆಯ ತಾಳಿಗೂ ಅಂಟಿಕೊಳ್ಳುತ್ತದೆ, ಒಣಗಿದಾಗ ಕಲ್ಲಿನಂತಾಗಿ ಬಿರಿಯುತ್ತದೆ. ಇವೆರಡರ ನಡುವಣ ಹದ ಕೆಲವೇ ದಿನಗಳದು. ವಿಜಯಪುರ, ಕಲಬುರಗಿ ಭಾಗದ ಹಿಂಗಾರಿ ಜೋಳದ ರೈತರಿಗೆ ಇದು ಚೆನ್ನಾಗಿ ಗೊತ್ತು. ಸೆಪ್ಟೆಂಬರ್ ಎರಡನೇ ಪಕ್ಷದಿಂದ ಅಕ್ಟೋಬರ್ ಮಧ್ಯದವರೆಗಿನ ಹದದಲ್ಲಿ ಬಿತ್ತನೆ ತಪ್ಪಿದರೆ, ಅನಂತರ ಎಷ್ಟು ಆಳು ಹಾಕಿದರೂ ಆ ನಷ್ಟ ತುಂಬುವುದಿಲ್ಲ.

ಹದ ಚಿಕ್ಕದಾದ ಪ್ರದೇಶದಲ್ಲಿ ಮುಖ್ಯವಾದುದು ಕೆಲಸದ ವೇಗ. ಅಲ್ಲಿ ಅಗಲವಾದ ಕೂರಿಗೆ, ಬಾಡಿಗೆಯ ಟ್ರ್ಯಾಕ್ಟರ್ ಇವು ಆಳನ್ನು ಉಳಿಸುವುದಕ್ಕಿಂತ ಹೆಚ್ಚಾಗಿ ಹದವನ್ನು ಉಳಿಸುತ್ತವೆ. ಯಂತ್ರದ ಲಾಭವನ್ನು ಉಳಿದ ಕೂಲಿಯಿಂದ ಅಳೆದರೆ ಕಡಿಮೆ ಕಾಣಬಹುದು. ಉಳಿದ ಬೆಳೆಯಿಂದ ಅಳೆದರೆ ಅದರ ನಿಜವಾದ ಬೆಲೆ ತಿಳಿಯುತ್ತದೆ.

2. ಮಳೆ ಮತ್ತು ನೀರು

ನಮ್ಮ ರಾಜ್ಯದ ಉತ್ತರ ಒಣ ವಲಯದಲ್ಲಿ ವರ್ಷಕ್ಕೆ 500ರಿಂದ 600 ಮಿಲಿಮೀಟರ್ ಆಸುಪಾಸು ಮಳೆಯಾದರೆ, ಕರಾವಳಿಯಲ್ಲಿ 3,000 ಮಿಲಿಮೀಟರನ್ನೂ ದಾಟುತ್ತದೆ. ಎರಡೂ ಕಡೆ ಮಳೆಯೇ ಆಳಿನ ಕೆಲಸವನ್ನು ಕಟ್ಟಿಹಾಕುತ್ತದೆ, ಆದರೆ ಬೇರೆ ಬೇರೆ ರೀತಿಯಲ್ಲಿ.

ಒಣ ಪ್ರದೇಶದಲ್ಲಿ ತೆನೆ ಒಡೆಯುವ ಕಾಲಕ್ಕೆ ಎರಡು ಮೂರು ವಾರ ಮಳೆ ತಡೆದರೆ ಅಲ್ಲಿಯವರೆಗೆ ಹಾಕಿದ ಆಳುಗಳೆಲ್ಲ ವ್ಯರ್ಥ. ಒಂದು ಎಕರೆಗೆ 1 ಮಿಲಿಮೀಟರ್ ಮಳೆ ಎಂದರೆ ಸುಮಾರು 4,000 ಲೀಟರ್ ನೀರು. 50 ಮಿಲಿಮೀಟರ್ ರಕ್ಷಣಾ ನೀರಿಗೆ 2 ಲಕ್ಷ ಲೀಟರ್ ಬೇಕು. ಕೃಷಿ ಹೊಂಡದಲ್ಲಿ ಇಷ್ಟು ನೀರು ಉಳಿದಿದ್ದರೆ ಒಂದು ಎಕರೆಯ ಬೆಳೆ ಬದುಕುತ್ತದೆ, ಅದಕ್ಕೆ ಸುರಿದ ಶ್ರಮವೂ ಬದುಕುತ್ತದೆ. ಇಳಿಜಾರಿಗೆ ಅಡ್ಡಲಾಗಿ ಉಳುಮೆ, ಬದು ದುರಸ್ತಿ, ಚೌಕು ಮಡಿಗಳು ಇವೂ ಇದೇ ಉದ್ದೇಶದ ಅಗ್ಗದ ಕ್ರಮಗಳು.

ಕರಾವಳಿ ಮತ್ತು ಮಲೆನಾಡಿನಲ್ಲಿ ನೀರಿನ ಕೊರತೆಗಿಂತ ಬಿಡುವಿನ ಕೊರತೆ ದೊಡ್ಡದು. ಅಡಿಕೆಯ ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮಳೆಗಾಲದ ಮೊದಲಿಗೇ ಸಿಂಪಡಿಸಬೇಕು, ಮತ್ತೆ ಮಳೆಯ ನಡುವೆಯೂ ಸಿಂಪಡಿಸಬೇಕು. ಮಳೆ ಬಿಡುವು ಕೊಟ್ಟ ದಿನ ಊರಿನ ಎಲ್ಲ ತೋಟಗಳಿಗೂ ಕೊನೆಗಾರ ಬೇಕು, ಇರುವವರು ಬೆರಳೆಣಿಕೆಯಷ್ಟು. ಮರ ಜಾರುವುದರಿಂದ ಕೆಲಸ ನಿಧಾನ, ಪ್ರಾಣಾಪಾಯವೂ ಇದೆ. ಇಲ್ಲಿ ನೆಲದ ಮೇಲೆ ನಿಂತೇ ಸಿಂಪಡಿಸುವ ಹಗುರವಾದ ಉದ್ದನೆಯ ದೋಟಿಯಿಂದ ಒಂದು ಬಿಡುವಿನಲ್ಲಿ ಹೆಚ್ಚು ಮರಗಳನ್ನು ಮುಗಿಸಬಹುದು. ಬಯಲುಸೀಮೆಯ ಟ್ರ್ಯಾಕ್ಟರಿನ ಸ್ಥಾನದಲ್ಲಿ ಇಲ್ಲಿ ದೋಟಿ ಇದೆ ಎನ್ನಬಹುದು.

3. ಹೊಲದ ಆಕಾರ, ದೂರ ಮತ್ತು ದಾರಿ

ಈ ಅಂಶವನ್ನು ರೈತರು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಅಪರೂಪ. 2015-16ರ ಕೃಷಿ ಗಣತಿಯಂತೆ ಕರ್ನಾಟಕದಲ್ಲಿ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಸುಮಾರು ಮೂರೂಕಾಲು ಎಕರೆ. ಇದೂ ಅನೇಕರಿಗೆ ಒಂದೇ ಕಡೆ ಇರುವುದಿಲ್ಲ.

ನೇಗಿಲ ಸಾಲಿನ ಅಗಲ 15 ಸೆಂಟಿಮೀಟರ್ ಆದರೆ ಒಂದು ಎಕರೆ ಉಳಲು ರೈತನು ಎತ್ತುಗಳ ಹಿಂದೆ ಸುಮಾರು 27 ಕಿಲೋಮೀಟರ್ ನಡೆಯಬೇಕು. ಹೊಲದ ಉದ್ದ 100 ಮೀಟರ್ ಇದ್ದರೆ ಒಂದು ಎಕರೆಗೆ ಸುಮಾರು 270 ತಿರುವುಗಳು. ಅದೇ ಎಕರೆ 25 ಮೀಟರ್ ಉದ್ದದ ತುಂಡುಗಳಾಗಿದ್ದರೆ 1,080 ತಿರುವುಗಳು. ಒಂದು ತಿರುವಿಗೆ ಕಾಲು ನಿಮಿಷ ಹಿಡಿದರೂ ಮೊದಲನೆಯದರಲ್ಲಿ ತಿರುಗಲು ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು, ಎರಡನೆಯದರಲ್ಲಿ ನಾಲ್ಕೂವರೆ ಗಂಟೆ. ಈ ನಾಲ್ಕೂವರೆ ಗಂಟೆಯಲ್ಲಿ ಒಂದು ಗೇಣು ನೆಲವೂ ಉಳುಮೆಯಾಗುವುದಿಲ್ಲ. ಟ್ರ್ಯಾಕ್ಟರಿಗೂ ಇದೇ ನಿಯಮ. ಅಲ್ಲಿ ತಿರುವಿಗೆ ಡೀಸೆಲ್ ಉರಿಯುತ್ತದೆ, ಬಾಡಿಗೆಯ ಗಂಟೆ ಓಡುತ್ತದೆ.

ಆದುದರಿಂದ ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಳ್ಳುವಾಗ ಸಾಲಿನ ಉದ್ದ ಉಳಿಯುವಂತೆ ನೀಳವಾಗಿ ಹಂಚಿಕೊಳ್ಳುವುದು ಒಳ್ಳೆಯದು. ಆದರೆ ಸಾಲು ಇಳಿಜಾರಿಗೆ ಅಡ್ಡಲಾಗಿಯೇ ಇರಬೇಕು. ಉದ್ದದ ಆಸೆಗೆ ಇಳಿಜಾರಿನ ಗುಂಟ ಸಾಲು ಹೊಡೆದರೆ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಒಪ್ಪಿಗೆಯಿದ್ದರೆ ಚದುರಿದ ತಾಕುಗಳನ್ನು ಅದಲು ಬದಲು ಮಾಡಿಕೊಂಡು, ಕಾಗದ ಪತ್ರ ಸರಿಪಡಿಸಿಕೊಳ್ಳಿ.

ದೂರದ ಲೆಕ್ಕವೂ ಹೀಗೆಯೇ. ಹೊಲ 2 ಕಿಲೋಮೀಟರ್ ದೂರವಿದ್ದರೆ ಹೋಗಿ ಬರಲು ಒಂದು ಗಂಟೆ. ಎಂಟು ಗಂಟೆಯ ದಿನದಲ್ಲಿ ಎಂಟನೆಯ ಒಂದು ಭಾಗ. ಮಲೆನಾಡಿನಲ್ಲಿ ತೋಟಕ್ಕೆ ಗಾಡಿ ದಾರಿ ಇಲ್ಲದೆ 500 ಕಿಲೋ ಗೊಬ್ಬರವನ್ನು ತಲೆಹೊರೆಯಲ್ಲಿ ಸಾಗಿಸುವುದಾದರೆ, 25 ಕಿಲೋದಂತೆ 20 ಸಲ ಹೊರಬೇಕು. ದಾರಿ 200 ಮೀಟರ್ ಇದ್ದರೂ ಒಟ್ಟು ನಡೆಯುವುದು 8 ಕಿಲೋಮೀಟರ್, ಅದರಲ್ಲಿ ಅರ್ಧ ಹೊರೆ ಹೊತ್ತು. ಅಲ್ಲಿ ಕೈಗಾಡಿ ಓಡುವಷ್ಟು ದಾರಿ ಮಾಡಿಸುವುದೇ ಆಳನ್ನು ಉಳಿಸುವ ಮೊದಲನೆಯ ಕೆಲಸ.

4. ಬಿಸಿಲು ಮತ್ತು ದುಡಿಯುವವರ ಆರೋಗ್ಯ

ಆಳು ನಿಧಾನವಾದರೆ ಅದಕ್ಕೆ ಮನಸ್ಸೇ ಕಾರಣವಾಗಿರಬೇಕೆಂದಿಲ್ಲ, ಮೈ ಕಾರಣವಿರಬಹುದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ವರದಿಯಂತೆ, ಉಷ್ಣತೆ 24ರಿಂದ 26 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ದುಡಿಮೆಯ ವೇಗ ಇಳಿಯತೊಡಗುತ್ತದೆ. 33-34 ಡಿಗ್ರಿಯಲ್ಲಿ ಸಾಧಾರಣ ಶ್ರಮದ ಕೆಲಸ ಮಾಡುವವರ ಸಾಮರ್ಥ್ಯ ಅರ್ಧಕ್ಕೆ ಇಳಿಯಬಹುದು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ. ಕರಾವಳಿಯಲ್ಲಿ ಅಷ್ಟು ಬಿಸಿಲಿಲ್ಲದಿದ್ದರೂ ತೇವ ತುಂಬಿದ ಗಾಳಿಯಲ್ಲಿ ಬೆವರು ಆರದೆ ಮೈ ತಣಿಯುವುದಿಲ್ಲ.

ಇಂತಹ ಕಡೆ ಬೆಳಿಗ್ಗೆ ಆರಕ್ಕೇ ಕೆಲಸ ಆರಂಭಿಸಿ, ನಡುಹಗಲು ಬಿಡುವು ಕೊಟ್ಟು, ಸಂಜೆ ಮತ್ತೆ ಮುಂದುವರಿಸುವುದು ಲಾಭಕರ. ಹೊಲದಲ್ಲಿ ನೆರಳು ಮತ್ತು ಕುಡಿಯುವ ನೀರು ಕೂಡ ಸಲಕರಣೆಗಳೇ ಎಂದು ತಿಳಿಯಿರಿ. ನೀರಿಗಾಗಿ ಅರ್ಧ ಕಿಲೋಮೀಟರ್ ನಡೆಯಬೇಕಾದ ಹೊಲದಲ್ಲಿ ಒಂದು ಕೊಡ ನೀರು ತಂದಿಡುವುದರಿಂದ ಹಲವು ಆಳುಗಳ ಹೊತ್ತು ಉಳಿಯುತ್ತದೆ.

ನಾಟಿ, ಕಳೆ, ಹತ್ತಿ ಬಿಡಿಸುವುದು ಇವೆಲ್ಲ ಬಹುಪಾಲು ಹೆಂಗಸರ ಕೆಲಸ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು. ರಕ್ತ ಕಡಿಮೆಯಾದರೆ ಉಸಿರು ಬೇಗ ಸೋಲುತ್ತದೆ. ಇಂಡೋನೇಷ್ಯಾದ ರಬ್ಬರ್ ತೋಟದ ಕೆಲಸಗಾರರ ಮೇಲೆ ನಡೆದು 1979ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಕ್ತಹೀನತೆ ಇದ್ದವರಿಗೆ ಕಬ್ಬಿಣಾಂಶ ಕೊಟ್ಟಾಗ ಅವರ ದಿನದ ದುಡಿಮೆ ಹೆಚ್ಚಿತು. ಆದುದರಿಂದ ನಿಮ್ಮ ಮನೆಯ ಹೆಣ್ಣುಮಕ್ಕಳೂ ಕೂಲಿಗೆ ಬರುವವರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವಂತೆ ಹೇಳಿ. ಸೊಪ್ಪು, ಕಾಳು, ನಿಂಬೆ, ನೆಲ್ಲಿ ಊಟದಲ್ಲಿರಲಿ. ಸಲಕರಣೆ ಕೊಳ್ಳುವಾಗಲೂ ಅದನ್ನು ಹಿಡಿಯುವವರು ಯಾರು ಎಂದು ನೋಡಿ. ಗಂಡಸಿನ ಎತ್ತರಕ್ಕೆ ಮಾಡಿದ ಭಾರವಾದ ಕಳೆಯಂತ್ರವನ್ನು ಹೆಂಗಸರು ಒಂದು ದಿನ ತಳ್ಳಿ ಮೂಲೆಗಿಡುತ್ತಾರೆ.

5. ಆಳು ಬೇಕಾದ ಕಾಲ ಮತ್ತು ಸಿಗುವ ಕಾಲ

ವರ್ಷದ ಲೆಕ್ಕದಲ್ಲಿ ಊರಿನಲ್ಲಿ ಆಳು ಹೆಚ್ಚಾಗಿದ್ದರೂ ನಾಟಿ, ಕೊಯ್ಲಿನ ಎರಡು ಮೂರು ವಾರಗಳಲ್ಲಿ ಕೊರತೆ ಬೀಳುತ್ತದೆ. ಕಾಲುವೆಗೆ ನೀರು ಬಿಟ್ಟ ವಾರವೇ ಎಲ್ಲರಿಗೂ ನಾಟಿ ಆಗಬೇಕು. ಕೈನಾಟಿಗೆ ಎಕರೆಗೆ 10ರಿಂದ 15 ಆಳು ಹಿಡಿಯುತ್ತವೆ. ಸರದಿಗಾಗಿ ಕಾದು ಸಸಿ ಬಲಿತರೆ ತೆಂಡೆ ಕಡಿಮೆಯಾಗುತ್ತದೆ. ಪಂಜಾಬಿನಲ್ಲಿಯೂ ಅಂತರ್ಜಲ ಉಳಿಸಲು ನಿಗದಿತ ದಿನಕ್ಕೆ ಮೊದಲು ಭತ್ತ ನಾಟಿ ಮಾಡಬಾರದೆಂದು 2009ರಲ್ಲಿ ಕಾಯಿದೆ ಬಂದ ಮೇಲೆ ನಾಟಿಯ ಅವಧಿ ಕಿರಿದಾಗಿ, ಆ ಕೆಲವು ವಾರಗಳಲ್ಲಿ ಆಳಿನ ಬೇಡಿಕೆ ಒತ್ತೊತ್ತಾಗಿ ಬರುವಂತಾಯಿತು.

ಈ ಒತ್ತಡವನ್ನು ಹರಡುವ ಉಪಾಯಗಳಿವೆ. ಒಂದೇ ಊರಿನ ರೈತರು ದೀರ್ಘಾವಧಿ, ಮಧ್ಯಮಾವಧಿ ತಳಿಗಳನ್ನು ಹಂಚಿಕೊಂಡು ಬೆಳೆದರೆ ಕೊಯ್ಲು ಒಂದೇ ವಾರಕ್ಕೆ ಬೀಳುವುದಿಲ್ಲ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಕಾಲುವೆ ನೀರು ತಡವಾಗುವುದನ್ನು ಕಂಡ ಅನೇಕ ರೈತರು ಸಸಿಮಡಿ, ನಾಟಿ ಬಿಟ್ಟು ಕೂರಿಗೆಯಿಂದ ನೇರವಾಗಿ ಭತ್ತ ಬಿತ್ತುವ ಕ್ರಮಕ್ಕೆ ಬಂದಿದ್ದಾರೆ. ಇದರಲ್ಲಿ ನಾಟಿಯ ಆಳು ಉಳಿಯುತ್ತದೆ. ಆದರೆ ಮೊದಲ ಒಂದು ತಿಂಗಳು ಕಳೆಯ ಹಾವಳಿ ಹೆಚ್ಚು. ಕಳೆ ಹತೋಟಿಗೆ ಸಿದ್ಧತೆ ಇಲ್ಲದವರು ಈ ಕ್ರಮಕ್ಕೆ ಇಳಿಯಬಾರದು. ನಾಟಿಯಲ್ಲಿ ಉಳಿದ ಆಳು ಕಳೆಯಲ್ಲಿ ಖರ್ಚಾಗಿ ಹೋದೀತು.

ಹಿಂದಿನವರ ಮುಯ್ಯಾಳು ಪದ್ಧತಿಯೂ ಇದೇ ಒತ್ತಡಕ್ಕೆ ಕಂಡುಕೊಂಡ ಪರಿಹಾರ. ಐದಾರು ಮನೆಯವರು ಸೇರಿ ಒಬ್ಬೊಬ್ಬರ ಗದ್ದೆಯನ್ನು ಸರದಿಯಂತೆ ಮುಗಿಸುವುದು ಇಂದಿಗೂ ಸಾಧ್ಯ. ಯಂತ್ರಕ್ಕೂ ಇದೇ ಕ್ರಮ ಅನ್ವಯಿಸುತ್ತದೆ. ವರ್ಷಕ್ಕೆ ಹತ್ತು ದಿನ ಮಾತ್ರ ಬೇಕಾಗುವ ಯಂತ್ರವನ್ನು ಒಬ್ಬರೇ ಕೊಳ್ಳುವುದಕ್ಕಿಂತ ಕೃಷಿ ಯಂತ್ರಧಾರೆ ಕೇಂದ್ರದಿಂದ ಬಾಡಿಗೆಗೆ ತರುವುದು ಅಥವಾ ಗುಂಪಾಗಿ ಕೊಳ್ಳುವುದು ಲೇಸು.

ನಿಮ್ಮ ಊರಿನ ಮುಖ್ಯ ಅಡ್ಡಿ ಯಾವುದು?

ಕಾಲುವೆ ಎಷ್ಟೇ ಅಗಲವಿದ್ದರೂ ಅದರಲ್ಲಿ ಹರಿಯುವ ನೀರನ್ನು ಅತ್ಯಂತ ಕಿರಿದಾದ ಜಾಗವೇ ನಿರ್ಧರಿಸುತ್ತದೆ. ಉಳಿದ ಕಡೆ ಎಷ್ಟು ಅಗೆದರೂ ನೀರು ಹೆಚ್ಚುವುದಿಲ್ಲ. ದುಡಿಮೆಯೂ ಹಾಗೆಯೇ. ನೀರಿನ ಕೊರತೆಯಿಂದ ಬೆಳೆ ಒಣಗುವ ಊರಿನಲ್ಲಿ ಕೊಯ್ಲು ಯಂತ್ರ ತಂದರೆ ಪ್ರಯೋಜನವಿಲ್ಲ. ದಾರಿಯಿಲ್ಲದ ತೋಟದಲ್ಲಿ ಕೂಲಿ ಹೆಚ್ಚಿಸಿದರೂ ಹೊರೆಯ ತೂಕ ಇಳಿಯುವುದಿಲ್ಲ. ಒಂದು ಪ್ರದೇಶಕ್ಕೆ ಮದ್ದಾದುದು ಇನ್ನೊಂದಕ್ಕೆ ಮದ್ದಾಗಬೇಕಿಲ್ಲ ಎಂಬುದನ್ನು ನೆನಪಿಡಬೇಕು.

ಈ ಅಡ್ಡಿಯನ್ನು ಕಂಡುಹಿಡಿಯಲು ಬರುವ ಹಂಗಾಮಿನಲ್ಲಿ ಕೆಳಗಿನ ಕ್ರಮವನ್ನು ಅನುಸರಿಸಿ.

ಅ) ಒಂದು ನೋಟ್ ಪುಸ್ತಕದಲ್ಲಿ ಪ್ರತಿ ದಿನ ಯಾವ ತಾಕಿನಲ್ಲಿ, ಯಾವ ಕೆಲಸಕ್ಕೆ, ಎಷ್ಟು ಆಳು ಎಂಬುದನ್ನು ಬರೆದಿಡಿ. ಮನೆಯವರ ಕೆಲಸವನ್ನು ಬಿಡಬೇಡಿ.

ಆ) ಕೆಲಸ ನಿಂತ ಹೊತ್ತನ್ನೂ ಅದರ ಕಾರಣವನ್ನೂ ಬರೆಯಿರಿ: ಮಳೆ, ಹದ ತಪ್ಪಿದ್ದು, ನೀರು ಬಾರದಿದ್ದುದು, ನಡಿಗೆ, ಹೊರೆ, ಬಿಸಿಲು, ಸಲಕರಣೆ ಕೆಟ್ಟದ್ದು, ಆಳು ಸಿಗದಿದ್ದುದು.

ಇ) ಒಕ್ಕಣೆಯಾದ ಮೇಲೆ ತಾಕುವಾರು ಇಳುವರಿಯನ್ನು ಆಳಿನಿಂದ ಭಾಗಿಸಿ. ಎರಡು ತಾಕುಗಳ ನಡುವೆ ಹೆಚ್ಚು ಅಂತರವಿದ್ದರೆ ಅದರ ಕಾರಣ ಹುಡುಕಿ.

ಈ) ಯಾವ ಕಾರಣ ಹೆಚ್ಚು ಸಲ ಬಂದಿದೆಯೋ ಮುಂದಿನ ವರ್ಷದ ಹಣವನ್ನು ಮೊದಲು ಅದಕ್ಕೇ ಹಾಕಿ.

ಉ) ನೆರೆಯ ನಾಲ್ಕಾರು ರೈತರ ಲೆಕ್ಕದೊಡನೆ ಹೋಲಿಸಿ. ಎಲ್ಲರಿಗೂ ಒಂದೇ ಅಡ್ಡಿ ಕಂಡರೆ ಅದು ಊರಿನ ಅಡ್ಡಿ. ದಾರಿ, ಕಾಲುವೆಯ ಹೂಳು, ಬಾಡಿಗೆ ಯಂತ್ರ ಇವುಗಳಿಗೆ ಗ್ರಾಮ ಪಂಚಾಯಿತಿಯಲ್ಲಿ, ನೀರು ಬಳಕೆದಾರರ ಸಂಘದಲ್ಲಿ, ರೈತ ಸಂಪರ್ಕ ಕೇಂದ್ರದಲ್ಲಿ ಒಟ್ಟಾಗಿ ಕೇಳಿ. ನಿಮಗೊಬ್ಬರಿಗೇ ಇದ್ದರೆ ಅದಕ್ಕೆ ಪರಿಹಾರ ನಿಮ್ಮ ಹೊಲದಲ್ಲಿಯೇ ಇದೆ.

ಕೊನೆಯದಾಗಿ ಒಂದು ಮಾತು. ದುಡಿಮೆಯ ಫಲ ಹೆಚ್ಚಿಸುವುದು ಎಂದರೆ ಅದೇ ಕೂಲಿಗೆ ಹೆಚ್ಚು ಹೊತ್ತು ದುಡಿಸುವುದಲ್ಲ. ಹಾಗೆ ಮಾಡಿದರೆ ಮುಂದಿನ ವಾರ ಆಳು ಬೇರೆಯವರ ಹೊಲದಲ್ಲಿರುತ್ತದೆ, ಮುಂದಿನ ವರ್ಷ ಬೆಂಗಳೂರಿನಲ್ಲಿರುತ್ತದೆ. ಆಳೊಂದಕ್ಕೆ 15 ಕಿಲೋ ಬರುತ್ತಿದ್ದ ಹೊಲದಲ್ಲಿ 28 ಕಿಲೋ ಬಂದರೆ ಒಳ್ಳೆಯ ಕೂಲಿ ಕೊಟ್ಟೂ ನಿಮಗೆ ಉಳಿಯುತ್ತದೆ. ಊರಿನಲ್ಲಿಯೇ ಹೆಚ್ಚು ದಿನ ಕೆಲಸ, ಹೆಚ್ಚು ಕೂಲಿ ಸಿಕ್ಕರೆ ಮಕ್ಕಳನ್ನು ಶಾಲೆ ಬಿಡಿಸಿ ಗುಳೆ ಹೋಗುವ ಸಂಸಾರಗಳೂ ಕಡಿಮೆಯಾಗುತ್ತವೆ. ಈ ಮುಂಗಾರಿನಿಂದಲೇ ಲೆಕ್ಕದ ಪುಸ್ತಕ ಆರಂಭಿಸಿ. ಒಂದು ವರ್ಷದ ಲೆಕ್ಕವನ್ನು ಕೃಷಿ ವಿಜ್ಞಾನ ಕೇಂದ್ರಕ್ಕೆ ತಂದು ತೋರಿಸಿದರೆ, ನಿಮ್ಮ ನೆಲಕ್ಕೆ ಹೊಂದುವ ಬೇಸಾಯ ಕ್ರಮ ಮತ್ತು ಸಲಕರಣೆಗಳನ್ನು ಅಲ್ಲಿಯ ತಜ್ಞರು ನಿಮ್ಮೊಡನೆ ಕುಳಿತು ಆರಿಸಬಲ್ಲರು.